ಸೇನೆಯಲ್ಲಿದ್ದ ಅಜ್ಜನ ದಾಖಲೆ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಾಯಿಯ ತಂದೆ ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಅವರು ತೀರಿಕೊಂಡಾಗ ನಾನು ಚಿಕ್ಕವನು. ಅವರ ದಾಖಲೆ ಹುಡುಕಲು ಹೊರಟಾಗ ಯಾರನ್ನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಒಂದೊಂದೇ ಬಾಗಿಲು ತಟ್ಟಿ ಕಲಿತದ್ದು ಇದು. ಆಮೇಲೆ ನೆಂಟರು, ನೆಂಟರ ನೆಂಟರು ಎಲ್ಲರೂ ಅದೇ ಪ್ರಶ್ನೆಗಳನ್ನು ಕೇಳತೊಡಗಿದರು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಅಜ್ಜ ಮಿಲಿಟರಿಯಲ್ಲಿದ್ದರು ಅನ್ನೋದು ಬಿಟ್ಟರೆ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮನೆಯಿಂದ. ಕಂಪ್ಯೂಟರ್ ಮುಂದೆ ಕೂರಬೇಡಿ ಈಗಲೇ. ಅಟ್ಟದ ಮೇಲಿನ ಟ್ರಂಕು, ಅಜ್ಜಿಯ ಸೀರೆ ಪೆಟ್ಟಿಗೆ, ದೇವರ ಮನೆಯ ಗೂಡು, ಹಳೇ ಜಮೀನು ಪತ್ರಗಳ ಕಟ್ಟು, ಇವನ್ನೆಲ್ಲ ಮೊದಲು ನೋಡಿ. ಒಂದು ಹಿತ್ತಾಳೆ ಗುಂಡಿ ಸಿಕ್ಕರೂ ಅದರ ಮೇಲೆ ಪಡೆಯ ಗುರುತು ಇರುತ್ತದೆ. ಫೋಟೋ ಇದ್ದರೆ ಟೋಪಿಯ ಬಿಲ್ಲೆ, ಭುಜದ ಮೇಲಿನ ಅಕ್ಷರಗಳು, ತೋಳಿನ ಪಟ್ಟಿ ಇವನ್ನು ದೊಡ್ಡದು ಮಾಡಿ ನೋಡಿ. ಫೋಟೋದ ಹಿಂಭಾಗವನ್ನು ಮರೆಯಬೇಡಿ, ಸ್ಟುಡಿಯೋದ ಮುದ್ರೆ ಇದ್ದರೆ ಯಾವ ಊರಲ್ಲಿ ತೆಗೆದದ್ದು ಅಂತ ಗೊತ್ತಾಗುತ್ತದೆ.

ಆಮೇಲೆ ಮನೆಯ ಹಿರಿಯರ ಹತ್ತಿರ ಕೂತು ಮಾತಾಡಿ. ಇದನ್ನು ಮುಂದಿನ ಹಬ್ಬಕ್ಕೆ ಅಂತ ಮುಂದೂಡಬೇಡಿ. ನಮ್ಮ ದೊಡ್ಡಮ್ಮನಿಗೆ ಅಜ್ಜನ ಸೇನಾ ನಂಬರ್ ಬಾಯಿಪಾಠ ಇತ್ತಂತೆ, ಯಾಕೆಂದರೆ ತಿಂಗಳು ತಿಂಗಳು ಕಾಗದ ಬರೆಯುವಾಗ ವಿಳಾಸದಲ್ಲಿ ಅದನ್ನು ಬರೆಯುತ್ತಿದ್ದದ್ದು ಅವರೇ. ನಾನು ಕೇಳಲು ಹೋಗುವ ಹೊತ್ತಿಗೆ ಅವರಿಗೆ ಮರೆವು ಶುರುವಾಗಿತ್ತು. ಒಂದು ವರ್ಷ ಮುಂಚೆ ಹೋಗಿದ್ದರೆ ನನ್ನ ಎರಡು ವರ್ಷದ ಅಲೆದಾಟ ಉಳಿಯುತ್ತಿತ್ತು.

ಮುಖ್ಯವಾಗಿ ಯಾವ ವಿವರ ಬೇಕು?

ನಂಬರ್ ಮತ್ತು ಪಡೆ. ಇವೆರಡು ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹೆಸರು ಮೂರನೆಯದು.

ಇದು ವಿಚಿತ್ರ ಅನ್ನಿಸಬಹುದು, ಆದರೆ ಸೇನೆಯ ದಾಖಲೆ ನಿಂತಿರುವುದೇ ನಂಬರ್ ಮೇಲೆ. ಸಿದ್ದಪ್ಪ, ರಾಮಯ್ಯ, ಮುನಿಸ್ವಾಮಿ ಅನ್ನುವ ಹೆಸರಿನವರು ಒಂದೇ ಕಂಪನಿಯಲ್ಲಿ ಎಷ್ಟೋ ಜನ ಇರುತ್ತಿದ್ದರು. ಆದರೆ ಒಂದು ಎಚ್ಚರಿಕೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಪ್ರತಿ ರೆಜಿಮೆಂಟೂ ತನ್ನದೇ ನಂಬರ್ ಕೊಡುತ್ತಿತ್ತು. 1234 ಅನ್ನುವ ನಂಬರ್ ಹತ್ತು ರೆಜಿಮೆಂಟ್‌ಗಳಲ್ಲಿ ಹತ್ತು ಜನರಿಗೆ ಇರಬಹುದು. ಅದಕ್ಕೇ ನಂಬರ್ ಜೊತೆ ಪಡೆಯ ಹೆಸರೂ ಬೇಕು ಅನ್ನೋದು. ಸ್ವಾತಂತ್ರ್ಯದ ನಂತರದವರದು ಸುಲಭ. ಏಳಂಕಿಯ ನಂಬರ್ 25ರಿಂದ ಶುರುವಾದರೆ ಮದ್ರಾಸ್ ರೆಜಿಮೆಂಟ್, 27 ಆದರೆ ಮರಾಠಾ ಲೈಟ್ ಇನ್‌ಫೆಂಟ್ರಿ. ಮುಂದೆ ಜೆಸಿ ಅಂತಿದ್ದರೆ ಅವರು ಸುಬೇದಾರ್ ದರ್ಜೆಗೆ ಏರಿದವರು, ಐಸಿ ಅಂತಿದ್ದರೆ ಅಧಿಕಾರಿ.

ಹುದ್ದೆಯ ಹೆಸರೂ ಸುಳಿವು ಕೊಡುತ್ತದೆ. ಸವಾರ, ದಫೇದಾರ, ರಿಸಾಲದಾರ ಅಂದರೆ ಕುದುರೆ ಪಡೆ. ಸಿಪಾಯಿ, ನಾಯಕ್, ಹವಾಲ್ದಾರ್, ಸುಬೇದಾರ್ ಅಂದರೆ ಕಾಲಾಳು ಅಥವಾ ಬೇರೆ ಪಡೆ. ಸ್ಯಾಪರ್ ಅಂದರೆ ಇಂಜಿನಿಯರ್ ಪಡೆ. ಜಮಾದಾರ್ ಅಂತ ಬರೆದಿದ್ದರೆ ಕಸ ಗುಡಿಸುವವರು ಅಂತ ತಪ್ಪು ತಿಳಿಯಬೇಡಿ. ಅದು ಗೌರವದ ಹುದ್ದೆ, 1965ರಲ್ಲಿ ಅದನ್ನೇ ನಾಯಬ್ ಸುಬೇದಾರ್ ಅಂತ ಬದಲಿಸಿದರು.

ನಮ್ಮ ಹತ್ತಿರ ಡಿಸ್ಚಾರ್ಜ್ ಪುಸ್ತಕ ಇದೆ. ಅದರಲ್ಲಿ ಏನೇನು ಸಿಗುತ್ತದೆ?

ನಿಮ್ಮ ಅದೃಷ್ಟ ಚೆನ್ನಾಗಿದೆ. ನಂಬರ್, ಹುದ್ದೆ, ತಂದೆಯ ಹೆಸರು, ಊರು, ತಾಲ್ಲೂಕು, ಸೇರಿದ ದಿನ, ಬಿಟ್ಟ ದಿನ, ಯಾಕೆ ಬಿಟ್ಟರು, ಮೆಡಲ್‌ಗಳು, ನಡತೆ ಹೇಗಿತ್ತು, ಎತ್ತರ, ಮೈಮೇಲಿನ ಗುರುತು, ಇಷ್ಟೂ ಸಾಮಾನ್ಯವಾಗಿ ಇರುತ್ತದೆ. ನಮ್ಮ ಅಜ್ಜನದರಲ್ಲಿ ಎಡ ಮೊಣಕಾಲಿನ ಮೇಲೆ ಗಾಯದ ಗುರುತು ಅಂತ ಇತ್ತು. ಅಮ್ಮ ಅದನ್ನು ಓದಿ, ಹೌದು, ನಾನು ಚಿಕ್ಕವಳಿದ್ದಾಗ ಅದನ್ನು ಮುಟ್ಟಿ ನೋಡ್ತಿದ್ದೆ ಅಂತ ಅತ್ತುಬಿಟ್ಟರು. ಎಲ್ಲ ಪುಟಗಳ ಫೋಟೋ ತೆಗೆದಿಡಿ, ಖಾಲಿ ಪುಟ ಸಹ. ಪೆನ್ಸಿಲ್ಲಿನಲ್ಲಿ ಬರೆದದ್ದು ಕಣ್ಣಿಗೆ ಕಾಣದಿದ್ದರೂ ಫೋಟೋದಲ್ಲಿ ಬೆಳಕು ಬದಲಿಸಿದಾಗ ಕಾಣುತ್ತದೆ.

ಪಿಂಚಣಿ ಬರುತ್ತಿದ್ದರೆ ಪಿಪಿಒ (ಪಿಂಚಣಿ ಪಾವತಿ ಆದೇಶ) ಅಂತ ಒಂದು ಕಾಗದ ಇರಲೇಬೇಕು. ಅದನ್ನು ಕೊಡುವುದು ಅಲಹಾಬಾದಿನ, ಅಂದರೆ ಈಗಿನ ಪ್ರಯಾಗರಾಜ್‌ನ ರಕ್ಷಣಾ ಪಿಂಚಣಿ ಕಚೇರಿ. ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತಿದ್ದರೆ ಬ್ಯಾಂಕಿನ ಕಡತದಲ್ಲೂ ಪಿಪಿಒ ನಂಬರ್ ಇರುತ್ತದೆ.

ಮೆಡಲ್ ಒಂದೇ ಉಳಿದಿದೆ. ಅದರಿಂದ ಏನಾದರೂ ತಿಳಿಯುತ್ತಾ?

ಬಹಳ ತಿಳಿಯುತ್ತದೆ. ಮೆಡಲಿನ ಅಂಚನ್ನು ನೋಡಿ. ಮೊದಲನೇ ಮಹಾಯುದ್ಧದ ಬೆಳ್ಳಿ ಮೆಡಲ್ ಮತ್ತು ವಿಕ್ಟರಿ ಮೆಡಲ್‌ಗಳ ಅಂಚಿನಲ್ಲಿ ನಂಬರ್, ಹುದ್ದೆ, ಹೆಸರು, ಪಡೆ ಕೆತ್ತಿರುತ್ತಾರೆ. 1914-15ರ ಸ್ಟಾರ್, ಅಂದರೆ ನಕ್ಷತ್ರದ ಆಕಾರದ ಮೆಡಲ್ ಆದರೆ ಹಿಂಭಾಗದಲ್ಲಿ. ಅದೇ ಯುದ್ಧದ ಮೆಡಲ್ ಬೆಳ್ಳಿಯ ಬದಲು ಕಂಚಿನದಾಗಿದ್ದರೆ ಅದು ಲೇಬರ್ ಕೋರ್‌ನವರಿಗೆ, ಪಡೆಯ ಜೊತೆ ಹೋದ ಕೆಲಸಗಾರರಿಗೆ ಕೊಟ್ಟದ್ದು.

ಎರಡನೇ ಯುದ್ಧದ ಸ್ಟಾರ್‌ಗಳಲ್ಲಿ ಯಾವ ಸ್ಟಾರ್ ಅನ್ನೋದೇ ಒಂದು ವಿಳಾಸ. ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಅಂತ ಬೇರೆ ಬೇರೆ ಇವೆ. ಸ್ವಾತಂತ್ರ್ಯದ ನಂತರದ್ದಾದರೆ 1947-48ರ ಕಾಶ್ಮೀರದ ಲೋಹದ ಪಟ್ಟಿ ಇರುವ ಜನರಲ್ ಸರ್ವಿಸ್ ಮೆಡಲ್, 1965ರ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್, 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್. ಪೂರ್ವಿ ಇದ್ದರೆ ಬಾಂಗ್ಲಾ ಕಡೆ, ಪಶ್ಚಿಮಿ ಇದ್ದರೆ ಪಾಕಿಸ್ತಾನದ ಗಡಿ ಕಡೆ.

ದಯವಿಟ್ಟು ಮೆಡಲನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಪಾತ್ರೆ ತೊಳೆದ ಹಾಗೆ ತೊಳೆದು ಅಂಚಿನ ಅಕ್ಷರವೇ ಸವೆದು ಹೋದದ್ದನ್ನು ನೋಡಿದ್ದೇನೆ. ಮೆತ್ತಗಿನ ಒಣ ಬಟ್ಟೆ ಸಾಕು.

ಸೇವಾ ದಾಖಲೆ ನಿಜವಾಗಿ ಎಲ್ಲಿ ಇರುತ್ತದೆ?

ತುಂಬಾ ಜನ ದೆಹಲಿಯಲ್ಲಿ ಎಲ್ಲರದ್ದೂ ಒಂದೇ ಕಡೆ ಇರುತ್ತದೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಭಾರತೀಯ ಸೇನೆಯಲ್ಲಿ ಜವಾನರ ದಾಖಲೆ ಆಯಾ ಪಡೆಯ ರೆಕಾರ್ಡ್ ಆಫೀಸಿನಲ್ಲಿ ಇರುತ್ತದೆ. ನಮ್ಮ ಕಡೆಯವರಿಗೆ ಒಂದು ಅನುಕೂಲ, ಕೆಲವು ಕಚೇರಿಗಳು ಇಲ್ಲೇ ಇವೆ. ಮದ್ರಾಸ್ ಸ್ಯಾಪರ್ಸ್ ಅಂದರೆ ಈಗಿನ ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್), ಅದು ಬೆಂಗಳೂರಿನಲ್ಲಿ. 1780ರಲ್ಲಿ ಹುಟ್ಟಿದ ಪಡೆ, 1834ರಿಂದ ಬೆಂಗಳೂರೇ ಅದರ ಮನೆ. ಪಯೋನೀರ್ ಕೋರ್ ಮತ್ತು ಮಿಲಿಟರಿ ಪೊಲೀಸರದ್ದೂ ಬೆಂಗಳೂರು. ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿಯಲ್ಲಿ. ಮದ್ರಾಸ್ ರೆಜಿಮೆಂಟ್ ನೀಲಗಿರಿಯ ವೆಲಿಂಗ್ಟನ್‌ನಲ್ಲಿ. ತೋಪಿನ ಪಡೆ ಅಂದರೆ ಆರ್ಟಿಲರಿ ನಾಸಿಕ್ ರೋಡ್ ಕ್ಯಾಂಪ್, ಸಿಗ್ನಲ್ಸ್ ಜಬಲ್‌ಪುರ, ಮೆಡಿಕಲ್ ಕೋರ್ ಲಕ್ನೋ, ಯಂತ್ರ, ವಾಹನ ರಿಪೇರಿಯ ಪಡೆ ಇಎಂಇ ಸಿಕಂದರಾಬಾದ್. ವಾಯುಸೇನೆಯದು ದೆಹಲಿಯ ಸುಬ್ರೊತೊ ಪಾರ್ಕ್, ನೌಕಾಪಡೆಯ ನಾವಿಕರದ್ದು ಮುಂಬೈನ ಮಾನ್‌ಖುರ್ದ್. ಅಧಿಕಾರಿಗಳ ದಾಖಲೆ ಮಾತ್ರ ದೆಹಲಿಯ ಸೇನಾ ಕೇಂದ್ರ ಕಚೇರಿಯಲ್ಲಿ.

ಪಡೆಗಳು ಹೆಸರು ಬದಲಿಸಿಕೊಳ್ಳುತ್ತವೆ, ಇದನ್ನು ಮರೆತರೆ ತಪ್ಪು ಬಾಗಿಲು ತಟ್ಟುತ್ತೀರಿ. ಮೊದಲನೇ ಯುದ್ಧದ 110ನೇ ಮರಾಠಾ ಲೈಟ್ ಇನ್‌ಫೆಂಟ್ರಿ 1922ರಲ್ಲಿ 5ನೇ ಮರಾಠಾ ರೆಜಿಮೆಂಟಿನ 3ನೇ ಬೆಟಾಲಿಯನ್ ಆಯಿತು. ಎರಡನೇ ಯುದ್ಧದಲ್ಲಿ ಕಟ್ಟಿದ ಕೂರ್ಗ್ ಬೆಟಾಲಿಯನ್ ಆಮೇಲೆ ತೋಪಿನ ಪಡೆಯಾಯಿತು, ಹಾಗಾಗಿ ಆ ಪಡೆಯ ಕೊಡವ ಅಜ್ಜನ ಕಾಗದ ನಾಸಿಕ್‌ನಲ್ಲಿರುವ ಸಾಧ್ಯತೆ ಇದೆ. ಇನ್ನೊಂದು ಮಾತು. ಮೊದಲನೇ ಯುದ್ಧದ ಪಟ್ಟಿಗಳಲ್ಲಿ 80ನೇ, 86ನೇ, 88ನೇ ಕರ್ನಾಟಿಕ್ ಇನ್‌ಫೆಂಟ್ರಿ ಅಂತ ಕಾಣುತ್ತದೆ. ಅದು ನಮ್ಮ ಕರ್ನಾಟಕ ಅಲ್ಲ, ಆರ್ಕಾಟ್ ಸೀಮೆಯನ್ನು ಆಗ ಹಾಗೆ ಕರೆಯುತ್ತಿದ್ದರು. ಕನ್ನಡಿಗರು ಇದನ್ನು ನೋಡಿ ಖುಷಿಯಿಂದ ಅಲ್ಲೇ ಹುಡುಕುತ್ತಾ ಕೂರುವುದು ಜಾಸ್ತಿ.

ರೆಕಾರ್ಡ್ ಆಫೀಸಿಗೆ ಹೇಗೆ ಬರೆಯಬೇಕು?

ಒಂದು ಪುಟದ ಪತ್ರ ಸಾಕು, ಇಂಗ್ಲಿಷಿನಲ್ಲೋ ಹಿಂದಿಯಲ್ಲೋ. ನಂಬರ್, ಹುದ್ದೆ, ಹೆಸರು, ತಂದೆಯ ಹೆಸರು, ಊರು, ಸೇರಿದ ವರ್ಷ, ಬಿಟ್ಟ ವರ್ಷ, ನಿಮಗೂ ಅವರಿಗೂ ಏನು ಸಂಬಂಧ ಅನ್ನೋದು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ನಕಲು ಜೊತೆಗಿರಲಿ. ನಾಡ ಕಚೇರಿಯಲ್ಲಿ ಸಿಗುವ ವಂಶವೃಕ್ಷ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಏನು ಬೇಕು ಅಂತ ಹೆಸರು ಹಿಡಿದು ಕೇಳಿ. ಸುಮ್ನೆ ಎಲ್ಲಾ ಮಾಹಿತಿ ಕೊಡಿ ಅಂದರೆ ಯಾರಿಗೂ ಏನು ಕೊಡಬೇಕು ಅಂತ ತಿಳಿಯಲ್ಲ. ಶೀಟ್ ರೋಲ್ ನಕಲು, ಅದು ಇಲ್ಲದಿದ್ದರೆ ಲಾಂಗ್ ರೋಲಿನಲ್ಲಿರುವ ವಿವರ, ಮೆಡಲ್‌ಗಳ ಪಟ್ಟಿ, ಹೀಗೆ ಕೇಳಿ.

ಶೀಟ್ ರೋಲ್ ಅಂದರೆ ಒಬ್ಬ ಸೈನಿಕನ ಪೂರ್ತಿ ಸೇವೆಯ ಕಡತ. ಲಾಂಗ್ ರೋಲ್ ಅಂದರೆ ಪಡೆಗೆ ಸೇರಿದವರನ್ನೆಲ್ಲ ಸಾಲಾಗಿ ಬರೆದ ದೊಡ್ಡ ಪುಸ್ತಕ. ಈ ಎರಡು ಪದ ಗೊತ್ತಿದ್ದರೆ ಅಲ್ಲಿನ ಗುಮಾಸ್ತರೂ ನಿಮ್ಮನ್ನು ಗಂಭೀರವಾಗಿ ತಗೋತಾರೆ.

ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಾನು ಮೊದಲು ಸಾದಾ ಅಂಚೆಯಲ್ಲಿ ಬರೆದ ಎರಡು ಪತ್ರಗಳಿಗೆ ಒಂದು ಕಚೇರಿಯಿಂದ ಉತ್ತರವೇ ಬರಲಿಲ್ಲ. ಮೂರನೆಯದನ್ನು ಖುದ್ದಾಗಿ ಕೊಂಡುಹೋಗಿ ಕೊಟ್ಟೆ. ಆರು ವಾರದಲ್ಲಿ ಉತ್ತರ ಬಂತು.

ಮಾಹಿತಿ ಹಕ್ಕಿನಲ್ಲಿ ಕೇಳಬಹುದಾ?

ಕೇಳಬಹುದು. 2005ರ ಕಾಯ್ದೆ ಸೇನೆಗೂ ಅನ್ವಯಿಸುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ ಗಡುವು, ಆನ್‌ಲೈನಿನಲ್ಲೂ ಹಾಕಬಹುದು. ಬೇರೆಯವರ ಖಾಸಗಿ ಮಾಹಿತಿ ಅಂತ ತಿರಸ್ಕರಿಸಬಹುದು, ಅದಕ್ಕೇ ಸಂಬಂಧದ ಪುರಾವೆ ಮೊದಲೇ ಇಡಿ. ಅದೇ ಕಾಯ್ದೆಯ 8ನೇ ಸೆಕ್ಷನ್ನಿನ 3ನೇ ಉಪವಿಭಾಗದಲ್ಲಿ 20 ವರ್ಷಕ್ಕಿಂತ ಹಳೆಯ ಘಟನೆಯ ಮಾಹಿತಿಗೆ ಹೆಚ್ಚಿನ ವಿನಾಯಿತಿಗಳು ಅಡ್ಡ ಬರುವುದಿಲ್ಲ ಅಂತಿದೆ. ಅರ್ಜಿಯಲ್ಲಿ ಅದನ್ನು ಒಂದು ಸಾಲಿನಲ್ಲಿ ನೆನಪಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಸಾದಾ ಪತ್ರ ಬರೆಯಿರಿ. ಆರ್‌ಟಿಐ ಅರ್ಜಿ ಬಂದ ಕೂಡಲೇ ಕಚೇರಿಯವರು ಅಳೆದು ತೂಗಿ ಎರಡು ಸಾಲು ಬರೆಯುತ್ತಾರೆ. ಪ್ರೀತಿಯಿಂದ ಬರೆದ ಪತ್ರಕ್ಕೆ ಒಬ್ಬ ಹವಾಲ್ದಾರ್ ಕ್ಲಾರ್ಕ್ ಹಳೇ ಪುಸ್ತಕ ತೆಗೆದು ಪುಟದ ನಕಲನ್ನೇ ಕಳಿಸಿಬಿಡಬಹುದು. ನನಗೆ ಹಾಗೇ ಆಯಿತು.

ದಾಖಲೆ ನಾಶವಾಗಿದೆ ಅಂತ ಉತ್ತರ ಬಂತು. ಇಲ್ಲಿಗೆ ಮುಗೀತಾ?

ಇಲ್ಲ. ಈ ಉತ್ತರ ಓದಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ನನಗೆ ಗೊತ್ತು. ಪಿಂಚಣಿ ಇಲ್ಲದೆ ಸೇನೆ ಬಿಟ್ಟವರ ಕಡತವನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡಬಹುದು ಅಂತ ನಿಯಮ ಇದೆ. ಪಿಂಚಣಿದಾರರದ್ದು ಇನ್ನೂ ಜಾಸ್ತಿ ವರ್ಷ ಇರುತ್ತದೆ. ಎರಡನೇ ಯುದ್ಧಕ್ಕೆ ಸೇರಿ 1946ರಲ್ಲಿ ಪಡೆ ಕಡಿಮೆ ಮಾಡಿದಾಗ ಮನೆಗೆ ಬಂದ ಸಾವಿರಾರು ಜನಕ್ಕೆ ಪಿಂಚಣಿ ಇರಲಿಲ್ಲ. ಅವರ ಕಡತಗಳು ಹೋಗಿರುವುದೇ ಜಾಸ್ತಿ.

ಆದರೆ ಲಾಂಗ್ ರೋಲ್ ಶಾಶ್ವತ ದಾಖಲೆ. ಶೀಟ್ ರೋಲ್ ನಾಶವಾಗಿದೆ ಅಂತ ಬರೆದಿದ್ದರೆ, ಲಾಂಗ್ ರೋಲಿನ ನಮೂದನ್ನು ಕೊಡಿ ಅಂತ ಇನ್ನೊಂದು ಪತ್ರ ಬರೆಯಿರಿ. ಒಂದೇ ಸಾಲು ಇರಬಹುದು. ನಮ್ಮ ಅಜ್ಜನದೂ ಒಂದೇ ಸಾಲು. ಸೇರಿದ ದಿನ, ಬಿಟ್ಟ ದಿನ, ಊರು, ತಂದೆಯ ಹೆಸರು. ಆ ತಂದೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸೇನೆಯ ಹೊರಗೂ ಕಾಗದಗಳಿವೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮಾಜಿ ಸೈನಿಕರ, ವಿಧವೆಯರ ನೋಂದಣಿ ಇರುತ್ತದೆ. ಇನ್ನೊಂದು ಜಾಗ ಯಾರಿಗೂ ಹೊಳೆಯುವುದಿಲ್ಲ, ಅದು ತಾಲ್ಲೂಕು ಕಚೇರಿ. ಸೇನೆಯಿಂದ ಬಂದವರಿಗೆ ಸರ್ಕಾರಿ ಜಮೀನು ದರಖಾಸ್ತಿನಲ್ಲಿ ಸಿಗುತ್ತಿತ್ತು. ಅದಕ್ಕೆ ಅರ್ಜಿ ಹಾಕುವಾಗ ಡಿಸ್ಚಾರ್ಜ್ ಪತ್ರದ ನಕಲು ಕೊಡಬೇಕಿತ್ತು. ನಿಮ್ಮ ಮನೆಯಲ್ಲಿ ಮಿಲಿಟರಿ ಜಮೀನು ಅಂತ ಕರೆಯುವ ತುಂಡು ಇದ್ದರೆ ಅದರ ಮಂಜೂರಾತಿ ಕಡತವನ್ನು ಕೇಳಿ. ಮನೆಯ ಪ್ರತಿಯನ್ನು ಗೆದ್ದಲು ತಿಂದಿದ್ದರೂ ಅಲ್ಲಿನದು ಉಳಿದಿರಬಹುದು.

ನಮ್ಮ ಮುತ್ತಾತ ಮೈಸೂರು ಮಹಾರಾಜರ ಸೈನ್ಯದಲ್ಲಿದ್ದರು. ಅವರದ್ದು ಎಲ್ಲಿ ಸಿಗುತ್ತದೆ?

ಇದು ಬೇರೆಯೇ ದಾರಿ. ಮೈಸೂರಿನ ಪಡೆ ಬ್ರಿಟಿಷ್ ಭಾರತದ ಸೇನೆಯ ಭಾಗ ಅಲ್ಲ, ಸಂಸ್ಥಾನದ್ದು. ಅದರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಮೊದಲನೇ ಯುದ್ಧದಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದರು. ಆಮೇಲೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಗೆದ್ದರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು, ಕೆಳಗೆ ಕುದುರೆಗಳು ನೇರ ಊರಿನೊಳಗೆ ನುಗ್ಗಿದವು. ಆ ದಿನ ಸುಮಾರು 1,350 ಜನ ಸೆರೆ ಸಿಕ್ಕರು, 17 ಫಿರಂಗಿಗಳು ಕೈಗೆ ಬಂದವು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನು, ಇನ್ನಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಇದೆ, ಮಡಿದವರ ಹೆಸರು ಅಲ್ಲಿ ಕೆತ್ತಿದ್ದಾರೆ. ಒಮ್ಮೆ ಹೋಗಿ ಸಾಲು ಸಾಲಾಗಿ ಓದಿ.

ದಾಖಲೆಗೆ ಮೊದಲು ಹೋಗಬೇಕಾದದ್ದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ. ಮೈಸೂರಿನಲ್ಲೂ ಅದರ ವಿಭಾಗೀಯ ಕಚೇರಿ ಇದೆ. ಮೈಸೂರು ಸರ್ಕಾರದ ಮಿಲಿಟರಿ ಕಡತಗಳು, ವಾರ್ಷಿಕ ಆಡಳಿತ ವರದಿಗಳು, ಬಡ್ತಿ, ಪಿಂಚಣಿ, ಇನಾಮು ಕುರಿತ ಆದೇಶಗಳನ್ನು ಅಲ್ಲಿ ಕೇಳಿ. ಒಬ್ಬ ಸಾಮಾನ್ಯ ಸವಾರನ ಪೂರ್ತಿ ಕಡತ ಸಿಗುವುದು ಅಪರೂಪ. ಆದರೆ ವಿಧವೆಯೊಬ್ಬಳು ಮಾಸಾಶನಕ್ಕೆ ಕೊಟ್ಟ ಅರ್ಜಿಯಂಥದ್ದು ಸಿಕ್ಕಿತು ಅಂದರೆ ಒಂದು ಇಡೀ ಸಂಸಾರ ಕಣ್ಣ ಮುಂದೆ ಬರುತ್ತದೆ.

ಸ್ವಾತಂತ್ರ್ಯದ ನಂತರ ಈ ಪಡೆಗಳು ಭಾರತೀಯ ಸೇನೆಯಲ್ಲಿ ಸೇರಿದವು. ಕುದುರೆ ಪಡೆಯ ಪರಂಪರೆ 1953ರಲ್ಲಿ ಶುರುವಾದ 61ನೇ ಕ್ಯಾವಲ್ರಿಗೆ ಹೋಯಿತು. ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಆ ಸಮಯದಲ್ಲಿ ಸೇವೆಯಲ್ಲಿ ಮುಂದುವರಿದವರಿಗಾಗಿ ವೆಲಿಂಗ್ಟನ್‌ಗೆ ಬರೆಯಬೇಕು.

ನಮ್ಮೂರು ಧಾರವಾಡದ ಕಡೆ. ಮೈಸೂರಿಗೆ ಸೇರಿರಲಿಲ್ಲ. ನಾವು ಎಲ್ಲಿ ನೋಡಬೇಕು?

1956ಕ್ಕೆ ಮುಂಚೆ ನಿಮ್ಮ ಊರನ್ನು ಯಾರು ಆಳುತ್ತಿದ್ದರು ಅನ್ನೋದೇ ಉತ್ತರ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಇವು ಮುಂಬೈ ಪ್ರಾಂತ್ಯ. ಆ ಕಾಲದ ಸರ್ಕಾರಿ ಕಡತಗಳು ಮುಂಬೈನ ಮಹಾರಾಷ್ಟ್ರ ಪತ್ರಾಗಾರದಲ್ಲಿವೆ. ಬಳ್ಳಾರಿ, ದಕ್ಷಿಣ ಕನ್ನಡ, ಕಾಸರಗೋಡು ಮದ್ರಾಸ್ ಪ್ರಾಂತ್ಯ, ಅದಕ್ಕೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರ. ಬೀದರ್, ಕಲಬುರಗಿ, ರಾಯಚೂರು ನಿಜಾಮರದು, ಅದಕ್ಕೆ ಹೈದರಾಬಾದ್. ಕೊಡಗು 1834ರಿಂದ ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಕೊಡವರ ವಿಷಯದಲ್ಲಿ ಒಂದು ಅನುಕೂಲ ಇದೆ. ಒಕ್ಕದ, ಅಂದರೆ ಮನೆತನದ ಹೆಸರು ಗೊತ್ತಿದ್ದರೆ ಪಟ್ಟಿಯಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ, ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಯಾರು ಯಾವ ಪಡೆಗೆ ಹೋದರು ಅಂತ ಹೇಳುವವರೂ ಸಿಗುತ್ತಾರೆ.

ಇವು ಸೇವಾ ದಾಖಲೆ ಇರುವ ಜಾಗ ಅಲ್ಲ, ನೆನಪಿರಲಿ. ಸೇರ್ಪಡೆ, ಜಮೀನು, ಪಿಂಚಣಿಯಂಥ ಸುತ್ತಲಿನ ಕಾಗದಗಳು ಇಲ್ಲಿ ಸಿಗಬಹುದು.

ಯುದ್ಧದಲ್ಲಿ ತೀರಿಕೊಂಡರು, ದೇಹ ಬರಲಿಲ್ಲ. ಎಲ್ಲಿ ಮಣ್ಣಾದರು ಅಂತ ತಿಳಿಯಬಹುದಾ?

ಎರಡು ಮಹಾಯುದ್ಧಗಳಲ್ಲಿ ಸತ್ತವರಾದರೆ ಇದು ಎಲ್ಲಕ್ಕಿಂತ ಸುಲಭ ದಾರಿ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ 1917ರಿಂದ ಇದೆ. ಸುಮಾರು 17 ಲಕ್ಷ ಜನರ ಹೆಸರು ಅದರ ಪಟ್ಟಿಯಲ್ಲಿದೆ, ಹುಡುಕಲು ಹಣ ಕೊಡಬೇಕಿಲ್ಲ. ಮೊದಲನೇ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದಾಗ ಸತ್ತವರು ಸೇರುತ್ತಾರೆ. ಅಂದರೆ ಗುಂಡು ತಗಲಿಯೇ ಸಾಯಬೇಕಿಲ್ಲ. ಮಲೇರಿಯಾ, ಕಾಲರಾ, 1918ರ ಇನ್‌ಫ್ಲುಯೆಂಜಾದಿಂದ ಬೆಂಗಳೂರಿನ ಆಸ್ಪತ್ರೆಯಲ್ಲೇ ಸತ್ತಿದ್ದರೂ ಹುಡುಕಿ.

ಮೊದಲನೇ ಯುದ್ಧದಲ್ಲಿ ಸುಮಾರು 74,000, ಎರಡನೆಯದರಲ್ಲಿ ಸುಮಾರು 87,000 ಭಾರತೀಯ ಸೈನಿಕರು ಸತ್ತರು. ಹಿಂದೂಗಳನ್ನು ಸುಟ್ಟಿದ್ದರಿಂದ ಎಷ್ಟೋ ಜನಕ್ಕೆ ಸಮಾಧಿಯೇ ಇಲ್ಲ, ಸ್ಮಾರಕದ ಗೋಡೆಯ ಮೇಲೆ ಹೆಸರಷ್ಟೇ. ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ ಸತ್ತವರಿಗೆ ಬಸ್ರಾ ಸ್ಮಾರಕ. ಫ್ರಾನ್ಸಿನಲ್ಲಿ ಸತ್ತವರಿಗೆ ನವ್ ಶಾಪೆಲ್. ಈಜಿಪ್ಟ್, ಪ್ಯಾಲೆಸ್ಟೈನ್ ಕಡೆಯವರಿಗೆ ಸೂಯೆಜ್‌ನ ಪೋರ್ಟ್ ತೌಫಿಕ್‌ನಲ್ಲಿ ಸ್ಮಾರಕ ಇತ್ತು. ಇಸ್ರೇಲ್ ಈಜಿಪ್ಟ್ ಯುದ್ಧದಲ್ಲಿ ಅದು ಒಡೆದುಹೋಯಿತು, ಈಗ ಆ ಹೆಸರುಗಳು ಕೈರೋದ ಹೀಲಿಯೊಪೊಲಿಸ್‌ನಲ್ಲಿವೆ. ಬರ್ಮಾದವರಿಗೆ ರಂಗೂನ್ ಹತ್ತಿರದ ತೌಕ್ಯಾನ್, ಮಲಯಾ ಸಿಂಗಾಪುರದವರಿಗೆ ಕ್ರಾಂಜಿ.

ಬಸ್ರಾದ ವಿಷಯದಲ್ಲಿ ಒಂದು ನೋವು ನನಗೆ ಇಂದಿಗೂ ಇದೆ. ಆ ಗೋಡೆಯ ಮೇಲೆ ಬ್ರಿಟಿಷ್ ಸಿಪಾಯಿಗಳ ಹೆಸರನ್ನು ಒಂದೊಂದಾಗಿ ಕೆತ್ತಿದರು. ನಮ್ಮ ಜವಾನರನ್ನು ಪಡೆಯ ಹೆಸರಿನ ಕೆಳಗೆ ಬರೀ ಲೆಕ್ಕದಲ್ಲಿ ತೋರಿಸಿದರು. ಹೆಸರು ಪುಸ್ತಕದಲ್ಲಿದೆ, ಕಮಿಷನ್ನಿನ ಹುಡುಕಾಟದಲ್ಲಿ ಸಿಗುತ್ತದೆ. ಗೋಡೆಯ ಫೋಟೋದಲ್ಲಿ ಕಾಣದಿದ್ದರೆ ಕೈಬಿಡಬೇಡಿ.

ಹೆಸರು ಹಾಕಿ ಹುಡುಕಿದರೆ ಏನೂ ಸಿಗುತ್ತಿಲ್ಲ. ಏನು ಮಾಡಲಿ?

ಹೆಸರನ್ನು ಬರೆದವನು ಕನ್ನಡ ಗೊತ್ತಿಲ್ಲದ ಗುಮಾಸ್ತ ಅಂತ ಇಟ್ಟುಕೊಂಡು ಹುಡುಕಿ. ಅಪ್ಪ ಅನ್ನುವಲ್ಲಿ ಒಂದೇ ಪಿ ಇರಬಹುದು, ಅಯ್ಯ ಅನ್ನುವುದು ಐಯಾ, ಯ್ಯಾ, ಅಯ್ಯರ್ ಆಗಿರಬಹುದು. ಗೌಡ ಅನ್ನುವುದಕ್ಕೇ ನಾಲ್ಕು ಸ್ಪೆಲಿಂಗ್. ಹನುಮಂತ ಅನ್ನುವವನು ಹನಮಂತು, ಅನುಮಂತು, ಹನ್ಮಂತ್ ಹೀಗೆ ಹೇಗಾದರೂ ಆಗಿರಬಹುದು. ಸ್ಯಾಪರ್ಸ್‌ನಲ್ಲಿ ತಮಿಳರು ಜಾಸ್ತಿ ಇದ್ದದ್ದರಿಂದ ನಮ್ಮವರ ಹೆಸರಿಗೂ ತಮಿಳಿನ ಬಾಲ ಅಂಟಿರುವುದು ಉಂಟು. ಅರ್ಧ ಹೆಸರು ಹಾಕಿ, ಉಳಿದದ್ದಕ್ಕೆ ಚುಕ್ಕಿಗುರುತು (*) ಹಾಕಿ ಹುಡುಕಿ. ಅದೂ ಆಗದಿದ್ದರೆ ಹೆಸರನ್ನೇ ಬಿಟ್ಟು ಪಡೆ ಮತ್ತು ವರ್ಷ ಹಾಕಿ ಬಂದ ಪಟ್ಟಿಯನ್ನು ಪೂರ್ತಿ ಓದಿ. ಬೇಸರದ ಕೆಲಸ, ಆದರೆ ಸಿಗುವುದು ಹೀಗೇ.

ಊರಿನ ಹೆಸರೂ ಅಷ್ಟೇ. ಪಾಂಡವಪುರ ಆಗ ಫ್ರೆಂಚ್ ರಾಕ್ಸ್. ರಾಮನಗರ ಕ್ಲೋಸ್‌ಪೇಟೆ. ಕುಶಾಲನಗರ ಫ್ರೇಸರ್‌ಪೇಟೆ. ಮಡಿಕೇರಿ ಮರ್ಕಾರಾ. ಚಿಕ್ಕಮಗಳೂರು ಸೀಮೆಗೆ ಕಡೂರು ಜಿಲ್ಲೆ ಅಂತಿದ್ದರು, ಚಿತ್ರದುರ್ಗವನ್ನು ಚಿತಲ್‌ದ್ರೂಗ್ ಅಂತ ಬರೆದಿದ್ದಾರೆ.

ಲಂಡನ್‌ನಲ್ಲಿ ಎಲ್ಲಾ ಇದೆ ಅಂತಾರೆ. ನಿಜಾನಾ?

ಎಲ್ಲಾ ಇಲ್ಲ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಅಧಿಕಾರಿಗಳ ಸೇವಾ ಕಡತಗಳಿವೆ. ಸಾಮಾನ್ಯ ಸಿಪಾಯಿಯ ಕಡತ ಅಲ್ಲಿಗೆ ಹೋಗಲೇ ಇಲ್ಲ. ಅಜ್ಜ ಸುಬೇದಾರ್ ಅಥವಾ ಜಮಾದಾರ್ ಆಗಿದ್ದರೆ ಇಂಡಿಯನ್ ಆರ್ಮಿ ಲಿಸ್ಟ್ ಅನ್ನುವ ಹಳೇ ಪುಸ್ತಕಗಳನ್ನು ನೋಡಿ, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವನ್ನು ಬಿಟ್ಟಿಯಾಗಿ ಆನ್‌ಲೈನಿನಲ್ಲಿ ಇಟ್ಟಿದೆ.

ಲಂಡನ್‌ನಲ್ಲಿ ನಿಜಕ್ಕೂ ಬೆಲೆಯುಳ್ಳದ್ದು ಬೇರೆ. ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯೂಒ 95 ಅನ್ನುವ ಸಾಲಿನಲ್ಲಿ ಮೊದಲನೇ ಯುದ್ಧದ ಪಡೆಗಳ ದಿನಚರಿಗಳಿವೆ. ಪ್ರತಿ ದಿನ ಪಡೆ ಎಲ್ಲಿತ್ತು, ಏನು ಮಾಡಿತು, ಮಳೆ ಬಂತಾ, ಎಷ್ಟು ಜನಕ್ಕೆ ಗಾಯ ಆಯಿತು ಅಂತ ಬರೆದಿದ್ದಾರೆ. ಜವಾನನ ಹೆಸರು ಅದರಲ್ಲಿ ಇರುವುದು ಕಡಿಮೆ. ಆದರೆ ಅಜ್ಜ ಯಾವ ಕಂಪನಿ ಅಂತ ಗೊತ್ತಿದ್ದರೆ, ಯಾವ ತಾರೀಖಿನಲ್ಲಿ ಯಾವ ನದಿಗೆ ಸೇತುವೆ ಕಟ್ಟುತ್ತಿದ್ದರು ಅಂತ ಓದಬಹುದು. ಕಡತ ನಾಶವಾದವರಿಗೆ ನಾನು ಹೇಳುವುದು ಇದನ್ನೇ: ಮನುಷ್ಯನ ಕಾಗದ ಸಿಗದಿದ್ದರೆ ಪಡೆಯ ಕಾಗದ ಹಿಡಿದು ಹೋಗಿ.

ಭಾರತದಲ್ಲಿ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ ಇದೆ. ಅಭಿಲೇಖ್ ಪಟಲ್ ಅನ್ನುವ ತಾಣದಲ್ಲಿ ಬಿಟ್ಟಿಯಾಗಿ ಹೆಸರು ನೋಂದಾಯಿಸಿ ಮನೆಯಿಂದಲೇ ಹುಡುಕಬಹುದು. ಸ್ವಾತಂತ್ರ್ಯದ ನಂತರದ ಯುದ್ಧ ದಿನಚರಿಗಳನ್ನು ಸಾಮಾನ್ಯವಾಗಿ 25 ವರ್ಷದಲ್ಲಿ ಬಹಿರಂಗ ಮಾಡಬೇಕು ಅಂತ ರಕ್ಷಣಾ ಸಚಿವಾಲಯ 2021ರಲ್ಲಿ ನೀತಿ ತಂದಿತು.

ಅಜ್ಜ ಜಪಾನಿಯರ ಕೈಗೆ ಸೆರೆ ಸಿಕ್ಕಿದ್ದರು, ಐಎನ್‌ಎಗೂ ಸೇರಿದ್ದರಂತೆ. ಪುರಾವೆ ಸಿಗುತ್ತಾ?

1942ರ ಫೆಬ್ರವರಿ 15ರಂದು ಸಿಂಗಾಪುರ ಬಿದ್ದಾಗ ಸಾವಿರಾರು ಭಾರತೀಯ ಸೈನಿಕರು ಸೆರೆಯಾದರು. ಮೈಸೂರು ಇನ್‌ಫೆಂಟ್ರಿಯ ಮೊದಲನೇ ಬೆಟಾಲಿಯನ್ನೂ ಅಲ್ಲಿತ್ತು. ಕೆಲವರು ಆಜಾದ್ ಹಿಂದ್ ಫೌಜ್ (ಐಎನ್‌ಎ) ಸೇರಿದರು, ಕೆಲವರು ಸೇರಲಿಲ್ಲ. ಸೇರದ ಎಷ್ಟೋ ಜನರನ್ನು ನ್ಯೂ ಗಿನಿಗೆ ಕೂಲಿ ಕೆಲಸಕ್ಕೆ ಸಾಗಿಸಿದರು, ಅಲ್ಲಿಂದ ಬದುಕಿ ಬಂದವರು ಕಡಿಮೆ. ಐಎನ್‌ಎ ಕಾಗದಗಳು ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಪಡೆದಿದ್ದರೆ ಆ ಅರ್ಜಿಯ ಕಡತದಲ್ಲೂ ಸೆರೆವಾಸದ ವಿವರ ಇರುತ್ತದೆ. ಮೊದಲನೇ ಯುದ್ಧದ ಸೆರೆಯಾಳುಗಳಿಗೆ ಜಿನೀವಾದ ರೆಡ್ ಕ್ರಾಸ್ ಸಮಿತಿಯ ಹಳೇ ಕಾರ್ಡುಗಳು ಆನ್‌ಲೈನಿನಲ್ಲಿವೆ.

ಮನೆಯಲ್ಲಿ ಈ ವಿಷಯ ಮಾತಾಡುವಾಗ ಮೆತ್ತಗೆ ಕೇಳಿ. ಯಾವ ಕಡೆ ನಿಂತಿದ್ದರೂ ಆ ಮನುಷ್ಯ ಹಸಿವು ಮತ್ತು ರೋಗದ ನಡುವೆ ತೀರ್ಮಾನ ಮಾಡಿದವನು.

ಅವರು ಸೈನಿಕ ಅಲ್ಲ, ಅಡುಗೆಯವರು. ಅವರ ದಾಖಲೆ ಇರುತ್ತಾ?

ಇರುತ್ತದೆ. ಅಡುಗೆಯವರು, ನೀರು ಹೊರುವ ಭಿಸ್ತಿ, ಕುದುರೆ ನೋಡಿಕೊಳ್ಳುವವರು, ಚಮ್ಮಾರರು, ಡೋಲಿ ಹೊರುವವರು, ಇವರನ್ನೆಲ್ಲ ಫಾಲೋವರ್ ಅಂತ ಬರೆದಿದ್ದಾರೆ. ಸತ್ತವರ ಪಟ್ಟಿಯಲ್ಲೂ ಇದ್ದಾರೆ, ಮೆಡಲೂ ಸಿಕ್ಕಿದೆ. ಅಡುಗೆಯವರಾಗಿದ್ದರು ಅಂತ ನಾಚಿಕೊಂಡು ಕಥೆಯನ್ನೇ ಬಚ್ಚಿಟ್ಟ ಮನೆಗಳಿವೆ. ಗುಂಡು ಬೀಳುವ ಕಡೆ ನೀರು ಹೊತ್ತವನ ಧೈರ್ಯ ಏನು ಕಡಿಮೆ?

ಮನೆಯಲ್ಲಿ ಹೇಳುವ ಕಥೆಗೂ ದಾಖಲೆಗೂ ಹೊಂದುತ್ತಿಲ್ಲ. ಯಾವುದನ್ನು ನಂಬಲಿ?

ಎರಡನ್ನೂ ಬರೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅಜ್ಜ ಜಪಾನಿಗೆ ಹೋಗಿದ್ದರು ಅಂತ ಹೇಳುತ್ತಿದ್ದರು. ಸಿಕ್ಕಿದ್ದು ಬರ್ಮಾ ಸ್ಟಾರ್. ಜಪಾನ್ ಲಡಾಯಿ ಅಂದದ್ದು ಬಾಯಿಂದ ಬಾಯಿಗೆ ಹೋಗಿ ಜಪಾನ್ ಆಗಿತ್ತು. ಆದರೆ ಎಲ್ಲರ ವಿಷಯದಲ್ಲೂ ಹೀಗೇ ಅಂತ ಹೇಳಲಾಗದು. ಯುದ್ಧ ಮುಗಿದ ಮೇಲೆ ಭಾರತೀಯ ಪಡೆಗಳು ಜಪಾನಿನಲ್ಲಿ ಕಾವಲಿಗೆ ಇದ್ದದ್ದು ನಿಜ. ಅಲ್ಲಿಗೆ ಹೋದ 268ನೇ ಬ್ರಿಗೇಡನ್ನು ನಡೆಸಿದವರು ಕೊಡಗಿನ ಕೆ.ಎಸ್. ತಿಮ್ಮಯ್ಯನವರೇ. ಅಂದರೆ ನಿಮ್ಮ ಅಜ್ಜ ಆ ಬ್ರಿಗೇಡಿನಲ್ಲಿದ್ದ ಮರಾಠಾ ಪಡೆಯ ಮೊದಲನೇ ಬೆಟಾಲಿಯನ್‌ನಲ್ಲಿದ್ದರೆ ಜಪಾನ್ ಕಥೆ ಅಕ್ಷರಶಃ ನಿಜ ಆಗಿರಬಹುದು.

ವಯಸ್ಸಂತೂ ಎಲ್ಲಾ ಕಡೆ ತಪ್ಪಾಗಿರುತ್ತದೆ. 16ರ ಹುಡುಗ 18 ಅಂತ ಹೇಳಿ ಸೇರಿದ. ಹುಟ್ಟಿದ ದಿನ ಬರೆದಿಡುವ ಪದ್ಧತಿಯೇ ಇರಲಿಲ್ಲ ಅಲ್ವಾ? ವಯಸ್ಸು ಮೂರು ನಾಲ್ಕು ವರ್ಷ ಹಿಂದೆ ಮುಂದೆ ಆದರೆ ಬೇರೆ ಮನುಷ್ಯ ಅಂತ ತಳ್ಳಿಹಾಕಬೇಡಿ. ತಂದೆಯ ಹೆಸರು ಮತ್ತು ಊರು ಎರಡೂ ಬೇರೆ ಇದ್ದರೆ ಮಾತ್ರ ಅನುಮಾನ ಪಡಿ.

ನಾನು ವಿದೇಶದಲ್ಲಿದ್ದೇನೆ. ಅಲ್ಲಿಂದಲೇ ಮಾಡಬಹುದಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಆರ್‌ಟಿಐ ಹಾಕಬಹುದು. ಬೇರೆ ದೇಶದ ಪ್ರಜೆಯಾಗಿ ಒಸಿಐ ಕಾರ್ಡ್ ಮಾತ್ರ ಇದ್ದರೆ ಆ ಹಕ್ಕು ಇಲ್ಲ, ಊರಿನಲ್ಲಿರುವ ಅಣ್ಣನೋ ತಂಗಿಯೋ ಹಾಕಲಿ. ಸಾದಾ ಪತ್ರಕ್ಕೂ ಊರಿನ ವಿಳಾಸ ಕೊಟ್ಟರೆ ಒಳ್ಳೆಯದು.

ಹಣ ಕೊಟ್ಟರೆ ಹುಡುಕಿಕೊಡುತ್ತೇವೆ ಅನ್ನುವವರಿಗೆ ಕೊಡಬಹುದಾ?

ಬಿಟ್ಟಿ ಸಿಗುವುದನ್ನೆಲ್ಲ ನೋಡುವ ತನಕ ಬೇಡ. ಹಣ ಕಟ್ಟಿಸಿಕೊಳ್ಳುವ ವಂಶಾವಳಿ ತಾಣಗಳಲ್ಲಿ ಬ್ರಿಟಿಷರ ದಾಖಲೆಯೇ ಜಾಸ್ತಿ. ನಮ್ಮ ಸಿಪಾಯಿಗಳ ಹೆಸರು ಅಲ್ಲಿ ಸಿಗುವುದು ಕಡಿಮೆ.

ಸಿಕ್ಕ ಕಾಗದಗಳನ್ನು ಹೇಗೆ ಕಾಪಾಡಲಿ?

ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಹಳೇ ಶಾಯಿ ಹೋಗುತ್ತದೆ, ಆಮೇಲೆ ಬಿಡಿಸಲೂ ಆಗುವುದಿಲ್ಲ. ಸೆಲೋಟೇಪ್ ಬೇಡ, ಪಿನ್ ಬೇಡ. ಬಿಳಿ ಕಾಗದದ ನಡುವೆ ಚಪ್ಪಟೆಯಾಗಿಟ್ಟು, ಗೋಡೆಗೆ ತಾಗದ ಹಾಗೆ ಒಣ ಜಾಗದಲ್ಲಿಡಿ. ಮಲೆನಾಡಿನವರು ಮಳೆಗಾಲದ ನಂತರ ಒಮ್ಮೆ ತೆಗೆದು ಗಾಳಿಗಿಡಿ, ಬಿಸಿಲಿಗೆ ಬೇಡ. ಪ್ರತಿಗಳನ್ನು ಮಾಡಿ ಎಲ್ಲಾ ದಾಯಾದಿಗಳ ಮನೆಗೂ ಒಂದೊಂದು ಕೊಡಿ. ಜೊತೆಗೆ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದಿಡಿ: ಇವರು ಯಾರು, ನಂಬರ್ ಏನು, ಯಾವ ಪಡೆ, ಈ ಕಾಗದ ಎಲ್ಲಿ ಸಿಕ್ಕಿತು, ಯಾವ ತಾರೀಖಿನಲ್ಲಿ. ನಮ್ಮ ಮನೆಯ ಹಾಳೆಯಲ್ಲಿ ಕೊನೆಯ ಸಾಲನ್ನು ಅಮ್ಮ ಬರೆದಿದ್ದಾರೆ, ಮೊಣಕಾಲಿನ ಗಾಯ ಆದದ್ದು ಯುದ್ಧದಲ್ಲಿ ಅಲ್ಲ, ಚಿಕ್ಕವರಿದ್ದಾಗ ಹುಣಸೆ ಮರದಿಂದ ಬಿದ್ದು ಅಂತ.